ಆಫ್ರಿಕನ್ ಹಂದಿಜ್ವರ ಮತ್ತು ಮರಿ ಮಾರಾಟ: ಮಾರುವವರ ಮಾತಿನ ಹೊಣೆ



ಒಂದು ಸಂದರ್ಭವನ್ನು ಊಹಿಸಿಕೊಳ್ಳಿ. ನಿಮ್ಮ ಶೆಡ್ಡಿನಲ್ಲಿ 40 ಹಂದಿಗಳಿವೆ. ಸೋಮವಾರ ಒಂದು ತಾಯಿಹಂದಿ ಆಹಾರ ಬಿಟ್ಟಿತು, ಬುಧವಾರ ಸತ್ತಿತು. ಶುಕ್ರವಾರ ಇನ್ನೊಂದು ಸತ್ತಿತು. ಉಳಿದವು ಎಂದಿನಂತೆ ತಿಂದುಂಡು ಓಡಾಡಿಕೊಂಡಿವೆ. ತಾಯಿಯಿಂದ ಬೇರ್ಪಡಿಸಿದ 12 ಮರಿಗಳಿಗೆ ಪಕ್ಕದ ತಾಲ್ಲೂಕಿನ ರೈತರೊಬ್ಬರು ಮುಂಗಡ ಕೊಟ್ಟಿದ್ದಾರೆ. ಭಾನುವಾರ ಬೆಳಿಗ್ಗೆ ಗಾಡಿ ತರುವುದಾಗಿ ಹೇಳಿದ್ದಾರೆ. ಬ್ಯಾಂಕಿನ ಕಂತು ಕಟ್ಟುವ ದಿನವೂ ಹತ್ತಿರದಲ್ಲಿದೆ. ಶನಿವಾರ ಸಂಜೆ ಅವರ ಫೋನ್ ಬರುತ್ತದೆ: "ಮರಿಗಳು ಚೆನ್ನಾಗಿವೆ ತಾನೇ?"

ಈ ಪ್ರಶ್ನೆಗೆ ನೀವು ಕೊಡುವ ಉತ್ತರದ ಮೇಲೆ ಒಂದು ತಾಲ್ಲೂಕಿನ ಹಂದಿ ಸಾಕಾಣಿಕೆಯ ಭವಿಷ್ಯ ನಿಂತಿರಬಹುದು. ಇದು ಉತ್ಪ್ರೇಕ್ಷೆಯಲ್ಲ. ಆಫ್ರಿಕನ್ ಹಂದಿಜ್ವರಕ್ಕೆ ಚಿಕಿತ್ಸೆಯಿಲ್ಲ. ನಮ್ಮ ದೇಶದಲ್ಲಿ ಬಳಕೆಗೆ ಅನುಮತಿ ಪಡೆದ ಲಸಿಕೆಯೂ ಇಲ್ಲ. ಹೀಗಿರುವಾಗ ರೋಗವು ಒಂದು ಶೆಡ್ಡಿನಿಂದ ಮತ್ತೊಂದಕ್ಕೆ ಹೋಗದಂತೆ ತಡೆಯಲು ನಮ್ಮಲ್ಲಿ ಉಳಿದಿರುವುದು ಪ್ರತ್ಯೇಕತೆ, ಶುಚಿತ್ವ ಮತ್ತು ಮಾರುವವರ ಸತ್ಯವಾದ ಮಾತು. ಮೊದಲೆರಡರ ಬಗ್ಗೆ ಸಾಕಷ್ಟು ಮಾಹಿತಿ ಲಭ್ಯವಿದೆ. ಮೂರನೆಯದರ ಬಗ್ಗೆ ನಾವು ಮಾತನಾಡುವುದು ಕಡಿಮೆ. ಆದ್ದರಿಂದ ಈ ಲೇಖನದಲ್ಲಿ ಅದನ್ನೇ ವಿಶ್ಲೇಷಿಸಲಾಗಿದೆ.

ರೋಗ ನಮ್ಮ ಬಾಗಿಲಿಗೆ ಬಂದ ಬಗೆ

ಈ ರೋಗವನ್ನು ಮೊದಲು ವಿವರಿಸಿದ್ದು 1921ರಲ್ಲಿ, ಆಫ್ರಿಕಾದ ಕೀನ್ಯಾದಲ್ಲಿ. 2007ರಲ್ಲಿ ಅದು ಜಾರ್ಜಿಯಾ ದೇಶವನ್ನು ತಲುಪಿತು. ಅಲ್ಲಿಂದ ರಷ್ಯಾ ಮತ್ತು ಪೂರ್ವ ಯುರೋಪಿಗೆ ಹರಡಿ, 2018ರ ಆಗಸ್ಟ್‌ನಲ್ಲಿ ಚೀನಾದಲ್ಲಿ ಕಾಣಿಸಿಕೊಂಡಿತು. ಭಾರತದಲ್ಲಿ 2020ರಲ್ಲಿ ಅಸ್ಸಾಂ ಮತ್ತು ಅರುಣಾಚಲ ಪ್ರದೇಶಗಳಲ್ಲಿ ಮೊದಲ ಬಾರಿಗೆ ದೃಢಪಟ್ಟಿತು. 2022ರ ಜುಲೈನಲ್ಲಿ ಕೇರಳದ ವಯನಾಡು ಜಿಲ್ಲೆಯ ಹಂದಿ ಫಾರಂಗಳಲ್ಲಿ ರೋಗವಿರುವುದನ್ನು ಭೋಪಾಲದ ರಾಷ್ಟ್ರೀಯ ಉನ್ನತ ಭದ್ರತಾ ಪಶುರೋಗ ಸಂಸ್ಥೆ ಖಚಿತಪಡಿಸಿತು. ವಯನಾಡು ನಮ್ಮ ಕೊಡಗು ಮತ್ತು ಮೈಸೂರು ಜಿಲ್ಲೆಗಳಿಗೆ ಅಂಟಿಕೊಂಡಿರುವ ಜಿಲ್ಲೆ. 2025ರ ಆಗಸ್ಟ್‌ನಲ್ಲಿ ನಮ್ಮದೇ ರಾಜ್ಯದ ಚಿಕ್ಕಬಳ್ಳಾಪುರ ಜಿಲ್ಲೆಯಲ್ಲಿ ರೋಗ ಕಂಡುಬಂದು ಹಂದಿಗಳನ್ನು ಕೊಲ್ಲಬೇಕಾಯಿತು.

ಕೀನ್ಯಾದಿಂದ ಚಿಕ್ಕಬಳ್ಳಾಪುರದವರೆಗಿನ ಈ ಹಾದಿಯನ್ನು ರೋಗವು ತಾನಾಗಿ ಕ್ರಮಿಸಲಿಲ್ಲ. ರಾಸುಗಳ ಚರ್ಮಗಂಟು ರೋಗವನ್ನು ನೊಣ, ಸೊಳ್ಳೆ, ಉಣ್ಣೆಗಳು ಹೊತ್ತೊಯ್ಯುತ್ತವೆ. ಆಫ್ರಿಕನ್ ಹಂದಿಜ್ವರವನ್ನು ಆಫ್ರಿಕಾದ ಕೆಲವೆಡೆ ಒಂದು ಬಗೆಯ ಮೆದು ಉಣ್ಣೆ ಹರಡುತ್ತದೆಯಾದರೂ, ಏಷ್ಯಾದಲ್ಲಿ ಅದು ದೂರದೂರಕ್ಕೆ ಹೋಗಿರುವುದು ಮುಖ್ಯವಾಗಿ ಮನುಷ್ಯರ ಮೂಲಕ. ಸೋಂಕಿತ ಹಂದಿಯ ಮಾರಾಟ, ಸೋಂಕಿತ ಮಾಂಸ, ಹೋಟೆಲುಗಳ ಮುಸುರೆ, ತೊಳೆಯದ ಗಾಡಿ, ಕೆಸರು ಮೆತ್ತಿದ ಪಾದರಕ್ಷೆ, ಇವೇ ಅದರ ದಾರಿಗಳು. ಕಾಡುಹಂದಿಗಳೂ ಈ ರೋಗಕ್ಕೆ ತುತ್ತಾಗುತ್ತವೆ. ಆದರೆ ಒಂದು ಜಿಲ್ಲೆಯಿಂದ ಇನ್ನೊಂದು ಜಿಲ್ಲೆಗೆ ರೋಗ ಒಂದೇ ರಾತ್ರಿಯಲ್ಲಿ ಹಾರಿದೆಯೆಂದರೆ, ಅದು ಯಾರದೋ ಗಾಡಿಯಲ್ಲಿ ಹೋಗಿದೆ ಎಂದೇ ತಿಳಿಯಬೇಕು.

ಇದು ಕೆಟ್ಟ ಸುದ್ದಿಯಂತೆ ಕಂಡರೂ ಇದರಲ್ಲಿ ಒಂದು ಆಶಾದಾಯಕ ಅಂಶವಿದೆ. ಸೊಳ್ಳೆಯನ್ನು ನಾವು ನಿಲ್ಲಿಸಲಾರೆವು. ಗಾಡಿಯನ್ನು ನಿಲ್ಲಿಸಬಲ್ಲೆವು.

ಮಾರುವವರಿಗೆ ಮಾತ್ರ ಗೊತ್ತಿರುವ ಸಂಗತಿ

ಸೋಂಕು ತಗುಲಿದ ಹಂದಿಯಲ್ಲಿ ಲಕ್ಷಣಗಳು ಕಾಣಿಸಿಕೊಳ್ಳಲು ಸಾಮಾನ್ಯವಾಗಿ 4ರಿಂದ 19 ದಿನ ಹಿಡಿಯುತ್ತದೆ. ಲಕ್ಷಣ ಕಾಣುವ ಒಂದೆರಡು ದಿನ ಮೊದಲೇ ಹಂದಿಯು ವೈರಾಣುವನ್ನು ಹೊರಹಾಕಲು ತೊಡಗಬಹುದು. ಅಂದರೆ ಕಣ್ಣಿಗೆ ಆರೋಗ್ಯವಾಗಿ ಕಾಣುವ, ಚುರುಕಾಗಿ ಓಡುವ, ಚೆನ್ನಾಗಿ ತಿನ್ನುವ ಮರಿಯೇ ರೋಗವನ್ನು ಹೊಸ ಶೆಡ್ಡಿಗೆ ಕೊಂಡೊಯ್ಯಬಲ್ಲದು. ಕೊಳ್ಳುವವರು ಎಷ್ಟೇ ಅನುಭವಿಗಳಾಗಿರಲಿ, ಮರಿಯ ಕಿವಿ, ಬಾಲ, ಕಣ್ಣು, ನಡಿಗೆ ಇವೆಲ್ಲವನ್ನೂ ಪರೀಕ್ಷಿಸಿದರೂ ಈ ಹಂತದಲ್ಲಿ ರೋಗವನ್ನು ಗುರುತಿಸಲಾರರು.

ಹಾಗಾದರೆ ಸುಳಿವು ಎಲ್ಲಿದೆ? ಅದು ಮಾರುವವರ ಶೆಡ್ಡಿನಲ್ಲಿದೆ. ಕಳೆದ ಮೂರು ವಾರಗಳಲ್ಲಿ ಅಲ್ಲಿ ಎಷ್ಟು ಹಂದಿಗಳು ಸತ್ತವು, ಯಾವುದಕ್ಕೆ ಜ್ವರ ಬಂದಿತ್ತು, ಯಾವ ತಾಯಿ ಕಂದು ಹಾಕಿತು, ಹೊಸ ಗಂಡುಹಂದಿಯನ್ನು ಎಲ್ಲಿಂದ ತಂದರು, ಮುಸುರೆಯನ್ನು ಯಾವ ಹೋಟೆಲಿನಿಂದ ತರುತ್ತಾರೆ, ಈ ಸಂಗತಿಗಳೇ ಆ ಮರಿಗಳ ನಿಜವಾದ ಆರೋಗ್ಯ ಪತ್ರ. ಅದನ್ನು ಓದಬಲ್ಲವರು ಒಬ್ಬರೇ, ಸಾಕಿದವರು.

ಇನ್ನೊಂದು ಅಂಶವನ್ನೂ ಗಮನಿಸಬೇಕು. ಈ ರೋಗ ಶೆಡ್ಡಿಗೆ ಹೊಕ್ಕ ಕೂಡಲೇ ಎಲ್ಲ ಹಂದಿಗಳೂ ಒಮ್ಮೆಲೇ ಸಾಯುವುದಿಲ್ಲ. ಮೊದಲು ಒಂದೆರಡು ಸಾಯುತ್ತವೆ. ನಂತರ ಕೆಲವು ದಿನ ಎಲ್ಲವೂ ಶಾಂತವಾಗಿರುವಂತೆ ತೋರುತ್ತದೆ. ಆ ಮೇಲೆ ಸಾವು ಸಾಲುಗಟ್ಟುತ್ತದೆ. ನಡುವಿನ ಆ ಶಾಂತ ದಿನಗಳೇ ಅತ್ಯಂತ ಅಪಾಯದ ದಿನಗಳು. "ಏನೋ ವಿಷಾಹಾರ ತಿಂದಿರಬೇಕು", "ಬಿಸಿಲಿಗೆ ಸತ್ತಿರಬೇಕು" ಎಂದು ಮನಸ್ಸು ಸಮಾಧಾನ ಹುಡುಕುವುದು ಆಗಲೇ. ಉಳಿದವುಗಳನ್ನು ಸಿಕ್ಕ ಬೆಲೆಗೆ ಕೈದಾಟಿಸೋಣ ಎಂಬ ಯೋಚನೆ ಹುಟ್ಟುವುದೂ ಆಗಲೇ. ಈ ಗಾಬರಿಯ ಮಾರಾಟವು ರೋಗ ಹರಡುವ ಪ್ರಮುಖ ಮಾರ್ಗಗಳಲ್ಲಿ ಒಂದೆಂದು ಅನೇಕ ದೇಶಗಳ ಅನುಭವದಿಂದ ತಿಳಿದುಬಂದಿದೆ.

ಸುಳ್ಳಲ್ಲದ ಸುಳ್ಳುಗಳು

ಹಂದಿ ಸಾಕುವ ರೈತರಲ್ಲಿ ಬಹುಪಾಲು ಜನ ಎದುರಿಗೆ ನಿಂತು ಸುಳ್ಳು ಹೇಳುವವರಲ್ಲ. ಆದರೆ ವ್ಯಾಪಾರದ ಹೊತ್ತಿನಲ್ಲಿ ಅರ್ಧ ಸತ್ಯಗಳು ಸುಲಭವಾಗಿ ಬಾಯಿಗೆ ಬರುತ್ತವೆ. ಅಂತಹ ಕೆಲವು ಮಾತುಗಳನ್ನು ಇಲ್ಲಿ ಪರಿಶೀಲಿಸೋಣ.

"ಜ್ವರದ ಲಸಿಕೆ ಹಾಕಿಸಿದ್ದೇವೆ." ಇದು ನಿಜವೇ ಇರಬಹುದು. ಆದರೆ ಆ ಲಸಿಕೆ ಸಾಮಾನ್ಯ ಹಂದಿಜ್ವರದ್ದು. ಹೆಸರು ಒಂದೇ ಬಗೆಯದಾದರೂ ಸಾಮಾನ್ಯ ಹಂದಿಜ್ವರ ಮತ್ತು ಆಫ್ರಿಕನ್ ಹಂದಿಜ್ವರಗಳು ಸಂಬಂಧವೇ ಇಲ್ಲದ ಎರಡು ಬೇರೆ ವೈರಾಣುಗಳಿಂದ ಬರುವ ರೋಗಗಳು. ಒಂದರ ಲಸಿಕೆ ಇನ್ನೊಂದನ್ನು ತಡೆಯುವುದಿಲ್ಲ. ಅಧಿಕ ಜ್ವರ, ಆಹಾರ ಬಿಡುವುದು, ಕಿವಿ ಮತ್ತು ಹೊಟ್ಟೆಯ ಚರ್ಮ ಕೆಂಪಾಗುವುದು, ರಕ್ತಭೇದಿ, ಗರ್ಭಪಾತ, ಹಠಾತ್ ಸಾವು, ಇವು ಎರಡರಲ್ಲೂ ಕಾಣಬಹುದಾದ ಲಕ್ಷಣಗಳು. ಪ್ರಯೋಗಾಲಯದ ಪರೀಕ್ಷೆಯಿಲ್ಲದೆ ಇವೆರಡನ್ನು ಬೇರ್ಪಡಿಸಿ ಹೇಳುವುದು ತಜ್ಞರಿಗೂ ಸಾಧ್ಯವಿಲ್ಲ. ಲಸಿಕೆಯ ಮಾತನ್ನು ಹೇಳುವವರು ಅದು ಯಾವ ರೋಗದ ಲಸಿಕೆ ಎಂಬುದನ್ನೂ ಹೇಳಬೇಕು.

"ಡಾಕ್ಟರ ಸರ್ಟಿಫಿಕೇಟ್ ಇದೆ." ಯಾವ ದಿನಾಂಕದ್ದು? ತಿಂಗಳ ಹಿಂದಿನ ಪ್ರಮಾಣಪತ್ರ ಆ ದಿನದ ಸ್ಥಿತಿಯನ್ನಷ್ಟೇ ಹೇಳುತ್ತದೆ. ಅದರ ನಂತರ ಶೆಡ್ಡಿನಲ್ಲಿ ಸಾವು ಸಂಭವಿಸಿದ್ದರೆ ಆ ಕಾಗದಕ್ಕೆ ಬೆಲೆಯಿಲ್ಲ.

"ಈ ಮರಿಗಳ ತಾಯಿ ಚೆನ್ನಾಗಿಯೇ ಇದೆ." ಪಕ್ಕದ ಗೂಡಿನ ಹಂದಿ ಸತ್ತಿರುವುದನ್ನು ಹೇಳದೆ ಈ ಮಾತನ್ನಷ್ಟೇ ಹೇಳಿದರೆ, ಪ್ರತಿಯೊಂದು ಪದವೂ ನಿಜವಾಗಿದ್ದು ಒಟ್ಟು ಮಾತು ಸುಳ್ಳಾಗುತ್ತದೆ. ಆ ಎರಡೂ ಗೂಡುಗಳಿಗೆ ಆಹಾರ ಹಾಕುವ ಬಕೆಟ್ ಒಂದೇ, ಗುಡಿಸುವ ಪೊರಕೆ ಒಂದೇ, ನಡೆದಾಡುವ ಕಾಲೂ ಒಂದೇ.

"ಮನುಷ್ಯರಿಗೆ ಇದರಿಂದ ಏನೂ ಆಗುವುದಿಲ್ಲ." ಇದು ಪೂರ್ಣ ಸತ್ಯ. ಆಫ್ರಿಕನ್ ಹಂದಿಜ್ವರ ಮನುಷ್ಯರಿಗೆ ಹರಡುವುದಿಲ್ಲ. ಗ್ರಾಹಕರಲ್ಲಿ ಅನಗತ್ಯ ಭಯ ಮೂಡದಂತೆ ಈ ಮಾತನ್ನು ಹೇಳಲೇಬೇಕು. ಆದರೆ ಕಾಯಿಲೆ ಬಿದ್ದ ಹಂದಿಯನ್ನು ಕಡಿದು ಮಾಂಸ ಮಾರಲು ಇದನ್ನು ನೆಪ ಮಾಡಿಕೊಳ್ಳಬಾರದು. ತಣ್ಣಗಿಟ್ಟ ಅಥವಾ ಹೆಪ್ಪುಗಟ್ಟಿಸಿದ ಮಾಂಸದಲ್ಲಿ ಈ ವೈರಾಣು ತಿಂಗಳುಗಟ್ಟಲೆ ಜೀವಂತವಾಗಿರುತ್ತದೆ. ಆ ಮಾಂಸವನ್ನು ತೊಳೆದ ನೀರು, ಉಳಿದ ಮೂಳೆ ಮತ್ತು ಚರ್ಮ ಹೋಟೆಲಿನ ಮುಸುರೆಯಲ್ಲಿ ಸೇರಿ ಇನ್ನೊಬ್ಬ ರೈತರ ಶೆಡ್ಡನ್ನು ತಲುಪುತ್ತವೆ. ಆ ರೈತರು ನಿಮ್ಮಿಂದ ಏನನ್ನೂ ಕೊಂಡಿರುವುದಿಲ್ಲ, ನಿಮ್ಮ ಮುಖವನ್ನೂ ಕಂಡಿರುವುದಿಲ್ಲ.

ಕಾನೂನು ಏನು ಹೇಳುತ್ತದೆ

ಕೊಳ್ಳುವವರೇ ನೋಡಿಕೊಂಡು ಕೊಳ್ಳಬೇಕು ಎಂಬುದು ಜಾನುವಾರು ವ್ಯಾಪಾರದ ಹಳೆಯ ನಂಬಿಕೆ. ಇದಕ್ಕೆ ಕಾನೂನಿನ ಬೆಂಬಲವೂ ಸ್ವಲ್ಪ ಮಟ್ಟಿಗೆ ಇದೆ. 1872ರ ಭಾರತೀಯ ಕರಾರು ಕಾಯ್ದೆಯ 17ನೇ ಕಲಮಿನಲ್ಲಿ ವಂಚನೆ ಎಂದರೇನು ಎಂಬುದನ್ನು ಕುದುರೆ ಮಾರಾಟದ ಉದಾಹರಣೆಗಳಿಂದಲೇ ವಿವರಿಸಲಾಗಿದೆ. ತನ್ನ ಕುದುರೆಯಲ್ಲಿ ದೋಷವಿದೆಯೆಂದು ತಿಳಿದೂ ಒಬ್ಬನು ಅದನ್ನು ಹರಾಜಿನಲ್ಲಿ ಮಾರುತ್ತಾನೆ, ಏನನ್ನೂ ಹೇಳುವುದಿಲ್ಲ. ಇಂತಹ ಬರಿಯ ಮೌನ ವಂಚನೆಯಲ್ಲ ಎನ್ನುತ್ತದೆ ಕಾಯ್ದೆ.

ಆದರೆ ಅದೇ ಕಲಮಿನಲ್ಲಿ ಮುಂದೆ ಮತ್ತೊಂದು ಉದಾಹರಣೆಯಿದೆ. ನೀನು ಅಲ್ಲಗಳೆಯದಿದ್ದರೆ ಕುದುರೆ ಸರಿಯಾಗಿದೆ ಎಂದೇ ಭಾವಿಸುತ್ತೇನೆ ಎಂದು ಕೊಳ್ಳುವವನು ಹೇಳುತ್ತಾನೆ. ಮಾರುವವನು ಸುಮ್ಮನಿರುತ್ತಾನೆ. ಇಲ್ಲಿ ಅವನ ಮೌನವು ಮಾತಿಗೆ ಸಮಾನ. ಅಂದರೆ ಕೊಳ್ಳುವವರು ಕೇಳಿದ ಒಂದು ಪ್ರಶ್ನೆ ಮಾರುವವರ ಮೌನದ ಅರ್ಥವನ್ನೇ ಬದಲಿಸುತ್ತದೆ. ತಿಳಿದಿರುವ ಸಂಗತಿಯನ್ನು ಬೇಕೆಂದೇ ಮರೆಮಾಚುವುದಂತೂ ವಂಚನೆಯೇ ಎಂದು ಆ ಕಲಮು ಸ್ಪಷ್ಟಪಡಿಸುತ್ತದೆ. ಸತ್ತ ಹಂದಿಯನ್ನು ರಾತ್ರೋರಾತ್ರಿ ಹೂತು, ಗೂಡನ್ನು ತೊಳೆದು, ಬೆಳಿಗ್ಗೆ ಗಿರಾಕಿಯನ್ನು ಕರೆತಂದು ತೋರಿಸುವುದನ್ನು ಬರಿಯ ಮೌನವೆಂದು ಕರೆಯಲಾಗದು.

ಇದು ಇಬ್ಬರ ನಡುವಿನ ವ್ಯವಹಾರದ ಮಾತಾಯಿತು. ಸಾಂಕ್ರಾಮಿಕ ರೋಗದ ವಿಷಯದಲ್ಲಿ ಬೇರೆಯದೇ ಕಾನೂನಿದೆ. ಅದು 2009ರ ಪ್ರಾಣಿಗಳಲ್ಲಿ ಸೋಂಕು ಮತ್ತು ಸಾಂಕ್ರಾಮಿಕ ರೋಗಗಳ ತಡೆ ಮತ್ತು ನಿಯಂತ್ರಣ ಕಾಯ್ದೆ. ಅನುಸೂಚಿಯಲ್ಲಿರುವ ರೋಗ ತಗುಲಿದೆಯೆಂದು ಅನುಮಾನ ಬಂದರೆ ಮಾಲೀಕರು ಗ್ರಾಮಾಧಿಕಾರಿಗೆ ಅಥವಾ ಗ್ರಾಮ ಪಂಚಾಯಿತಿಗೆ ವರದಿ ಮಾಡಲೇಬೇಕು. ಅವರು ಅದನ್ನು ಪಶುವೈದ್ಯರಿಗೆ ತಿಳಿಸಬೇಕು. ಕಾಯಿಲೆಯ ಪ್ರಾಣಿಯನ್ನು ಬೇರ್ಪಡಿಸಬೇಕು. ನಿಯಂತ್ರಿತ ಪ್ರದೇಶವೆಂದು ಘೋಷಿಸಿದ ಸ್ಥಳದಿಂದ ಪ್ರಾಣಿಗಳನ್ನು ಹೊರಗೆ ಸಾಗಿಸುವಂತಿಲ್ಲ. ಸೋಂಕಿತ ಪ್ರಾಣಿಯನ್ನು ಸಂತೆಗೆ, ಜಾತ್ರೆಗೆ ತರುವಂತಿಲ್ಲ. ಸತ್ತ ಪ್ರಾಣಿಯನ್ನು ಹಳ್ಳ, ಕೆರೆ, ಕಾಲುವೆಗಳಿಗೆ ಎಸೆಯುವುದು ಪ್ರತ್ಯೇಕ ಅಪರಾಧ. ಇಲ್ಲಿ ಅನುಮಾನವೇ ಸಾಕು, ಖಚಿತತೆ ಬೇಕಾಗಿಲ್ಲ ಎಂಬುದನ್ನು ಗಮನಿಸಿ. "ಪರೀಕ್ಷೆಯ ವರದಿ ಬರಲಿ, ಆಮೇಲೆ ಹೇಳೋಣ" ಎನ್ನುವ ಅವಕಾಶವನ್ನು ಕಾಯ್ದೆ ಮಾಲೀಕರಿಗೆ ಕೊಟ್ಟಿಲ್ಲ.

ಆದರೂ ಈ ಕಾಯ್ದೆಯ ಹಲ್ಲು ಮೊಂಡಾಗಿದೆ ಎಂಬುದನ್ನು ಒಪ್ಪಿಕೊಳ್ಳಬೇಕು. 2009ರಲ್ಲಿ ಅಂಗೀಕಾರವಾದ ಪಠ್ಯದಂತೆ ಉಲ್ಲಂಘನೆಗೆ ಮೊದಲ ಬಾರಿಯ ದಂಡ 1,000 ರೂಪಾಯಿ, ಮತ್ತೆ ತಪ್ಪು ಮಾಡಿದರೆ 2,000 ರೂಪಾಯಿ ಅಥವಾ ಸೆರೆವಾಸ. ಮೊದಲ ದಂಡದ ಮೊತ್ತ ಒಂದು ಹಂದಿಮರಿಯ ಬೆಲೆಗಿಂತಲೂ ಕಡಿಮೆ. ಹೀಗಾಗಿ ದಂಡದ ಭಯದಿಂದ ಯಾರೂ ಸತ್ಯ ಹೇಳುತ್ತಾರೆಂದು ನಿರೀಕ್ಷಿಸಲಾಗದು. ಸತ್ಯ ಹೇಳುವುದು ಬೇರೆ ಕಾರಣಗಳಿಂದ ಸಾಧ್ಯವಾಗಬೇಕು.

ಸತ್ಯಕ್ಕೆ ಬೆಲೆ ಕಟ್ಟುವವರು ಯಾರು?

ರೋಗವನ್ನು ಮುಚ್ಚಿಡುವ ರೈತರನ್ನು ದುಷ್ಟರೆಂದು ಕರೆದು ಕೈತೊಳೆದುಕೊಳ್ಳುವುದು ಸುಲಭ. ಅವರ ಲೆಕ್ಕವನ್ನೂ ನೋಡಬೇಕು. ವರದಿ ಮಾಡಿದರೆ ಅಧಿಕಾರಿಗಳು ಬರುತ್ತಾರೆ, ಎಲ್ಲ ಹಂದಿಗಳನ್ನೂ ಕೊಲ್ಲುತ್ತಾರೆ, ಪರಿಹಾರ ಯಾವಾಗ ಕೈಸೇರುವುದೋ ಗೊತ್ತಿಲ್ಲ, ಊರಿನವರು "ಇವರಿಂದಲೇ ಬಂತು" ಎನ್ನುತ್ತಾರೆ. ವರದಿ ಮಾಡದೆ ಮಾರಿದರೆ ಇಂದು ರಾತ್ರಿಯೇ ಹಣ ಕೈಯಲ್ಲಿರುತ್ತದೆ. ಇಂತಹ ತಕ್ಕಡಿಯನ್ನು ಮುಂದಿಟ್ಟು ಪ್ರಾಮಾಣಿಕತೆಯನ್ನು ಉಪದೇಶಿಸುವುದು ನ್ಯಾಯವಲ್ಲ. ತಕ್ಕಡಿಯನ್ನೇ ಸರಿಪಡಿಸಬೇಕು.

ಚೀನಾ ಸರ್ಕಾರಕ್ಕೆ ಇದು ಬೇಗನೆ ಅರಿವಾಯಿತು. ರೋಗ ಕಾಣಿಸಿಕೊಂಡ ಒಂದೇ ತಿಂಗಳಲ್ಲಿ, 2018ರ ಸೆಪ್ಟೆಂಬರ್‌ನಲ್ಲಿ, ಕೊಲ್ಲಲಾದ ಪ್ರತಿ ಹಂದಿಯ ಪರಿಹಾರವನ್ನು ಅದು 800 ಯುವಾನ್‌ನಿಂದ 1,200 ಯುವಾನ್‌ಗೆ ಏರಿಸಿತು. ಆದರೂ ಅಲ್ಲಿ ರೋಗ ದೇಶವ್ಯಾಪಿಯಾಯಿತು. ಘೋಷಿಸಿದ ಪರಿಹಾರ ರೈತರ ಕೈಗೆ ಸಕಾಲದಲ್ಲಿ ತಲುಪದಿದ್ದರೆ ಅದರಿಂದ ಪ್ರಯೋಜನವಿಲ್ಲ ಎಂಬುದು ಎಲ್ಲ ದೇಶಗಳಿಗೂ ಅನ್ವಯಿಸುವ ಮಾತು.

ನಮ್ಮಲ್ಲಿ ರೋಗ ನಿಯಂತ್ರಣಕ್ಕಾಗಿ ಕೊಲ್ಲಲಾದ ಹಂದಿಗಳ ಪರಿಹಾರವನ್ನು ಕೇಂದ್ರ ಮತ್ತು ರಾಜ್ಯ ಸರ್ಕಾರಗಳು ಅರ್ಧರ್ಧ ಭರಿಸುತ್ತವೆ. ಹಂದಿಯ ತೂಕಕ್ಕೆ ಅನುಗುಣವಾಗಿ ದರ ನಿಗದಿಯಾಗಿರುತ್ತದೆ. ಇಲ್ಲಿ ರೈತರು ಅವಶ್ಯವಾಗಿ ಅರಿಯಬೇಕಾದ ಒಂದು ಸೂಕ್ಷ್ಮವಿದೆ. ಈ ಪರಿಹಾರ ಇರುವುದು ಸರ್ಕಾರದ ಆದೇಶದಂತೆ ಕೊಲ್ಲಲಾದ ಹಂದಿಗಳಿಗೆ. ಅದಕ್ಕೂ ಮೊದಲೇ ರೋಗದಿಂದ ಸತ್ತ ಹಂದಿಗಳಿಗೆ ಅಲ್ಲ. ಎರಡನೆಯ ಸಾವಿನ ದಿನವೇ ವರದಿ ಮಾಡಿದವರ ಬಳಿ ಪರಿಹಾರಕ್ಕೆ ಅರ್ಹವಾದ 38 ಹಂದಿಗಳಿರುತ್ತವೆ. ಎರಡು ವಾರ ಮುಚ್ಚಿಟ್ಟವರ ಬಳಿ ಬಹುಶಃ ಖಾಲಿ ಗೂಡು ಮಾತ್ರ ಉಳಿದಿರುತ್ತದೆ. ಹೀಗೆ ನೋಡಿದಾಗ ಬೇಗ ಹೇಳಿದ ಸತ್ಯ ನೆರೆಯವರಿಗಷ್ಟೇ ಅಲ್ಲ, ಹೇಳಿದವರಿಗೂ ಲಾಭಕರ.

ಆದರೆ ಈ ವ್ಯವಸ್ಥೆಯಲ್ಲಿ ಒಂದು ನಿಜವಾದ ಅನ್ಯಾಯವೂ ಇದೆ. ರಾಷ್ಟ್ರೀಯ ಕ್ರಿಯಾ ಯೋಜನೆಯಂತೆ ರೋಗ ಕಂಡ ಸ್ಥಳದ ಸುತ್ತ 1 ಕಿಲೋಮೀಟರ್ ಸೋಂಕಿತ ವಲಯ. ಅಲ್ಲಿಯ ಹಂದಿಗಳನ್ನು ಕೊಲ್ಲಲಾಗುತ್ತದೆ, ಪರಿಹಾರವೂ ಇದೆ. 10 ಕಿಲೋಮೀಟರ್‌ವರೆಗೆ ಕಣ್ಗಾವಲು ವಲಯ. ಅಲ್ಲಿಯ ಹಂದಿಗಳನ್ನು ಕೊಲ್ಲುವುದಿಲ್ಲ, ಮಾರುವಂತೆಯೂ ಇಲ್ಲ. ಯಾವ ತಪ್ಪನ್ನೂ ಮಾಡದ, ಯಾವ ರೋಗವೂ ಇಲ್ಲದ ರೈತರು ತಿಂಗಳುಗಟ್ಟಲೆ ಆಹಾರದ ವೆಚ್ಚವನ್ನು ತಾವೇ ಹೊರಬೇಕು. ಕದ್ದು ಸಾಗಿಸುವ ಒತ್ತಡ ಅತಿ ಹೆಚ್ಚಿರುವುದು ಇವರ ಮೇಲೆಯೇ. ನಿಷೇಧದ ಅವಧಿಯಲ್ಲಿ ಸಾಲದ ಕಂತಿಗೆ ವಿನಾಯಿತಿ ಮತ್ತು ಆಹಾರಕ್ಕೆ ನೆರವು ನೀಡುವ ಬಗ್ಗೆ ಸರ್ಕಾರಗಳೂ ಬ್ಯಾಂಕುಗಳೂ ಯೋಚಿಸದ ಹೊರತು ಚೆಕ್‌ಪೋಸ್ಟ್‌ಗಳಿಂದ ಮಾತ್ರ ಈ ಸಾಗಾಟ ನಿಲ್ಲದು. ರೈತರ ಕೈಯಲ್ಲಿರುವ ಒಂದು ಉಪಾಯವೆಂದರೆ ನಿಷೇಧದ ಸುದ್ದಿ ತಿಳಿದ ದಿನದಿಂದಲೇ ಹೊಸದಾಗಿ ಗರ್ಭಕಟ್ಟಿಸುವುದನ್ನು ನಿಲ್ಲಿಸುವುದು. ಹಂದಿಯ ಗರ್ಭಾವಧಿ ಸುಮಾರು 114 ದಿನ. ಇಂದು ಕಟ್ಟಿಸಿದ ಗರ್ಭ ನಾಲ್ಕು ತಿಂಗಳ ನಂತರ ಮಾರಲಾಗದ ಹತ್ತು ಮರಿಗಳಾಗಿ ಎದುರು ನಿಲ್ಲಬಹುದು.

ಮರಿ ಮಾರುವವರು ಪಾಲಿಸಬೇಕಾದ ಕ್ರಮಗಳು

1. ಪ್ರತಿ ಸಾವು, ಪ್ರತಿ ಜ್ವರ, ಪ್ರತಿ ಗರ್ಭಪಾತವನ್ನು ದಿನಾಂಕದೊಂದಿಗೆ ಒಂದು ಪುಸ್ತಕದಲ್ಲಿ ಬರೆದಿಡಿ. ಯಾರಿಂದ ಕೊಂಡಿರಿ, ಯಾರಿಗೆ ಮಾರಿದಿರಿ ಎಂಬುದನ್ನು ಫೋನ್ ಸಂಖ್ಯೆಯೊಂದಿಗೆ ದಾಖಲಿಸಿ.

2. ಕಾರಣ ತಿಳಿಯದ ಒಂದು ಸಾವು ಸಂಭವಿಸಿದರೂ ಮಾರಾಟವನ್ನು ಅಂದೇ ನಿಲ್ಲಿಸಿ. ಹತ್ತಿರದ ಪಶು ಆಸ್ಪತ್ರೆಗೆ ಅಥವಾ 1962 ಸಹಾಯವಾಣಿಗೆ ತಿಳಿಸಿ. ಸತ್ತ ಹಂದಿಯನ್ನು ನೀವಾಗಿಯೇ ಕೊಯ್ದು ನೋಡಬೇಡಿ. ರಕ್ತದಲ್ಲಿ ವೈರಾಣು ಅತಿ ಹೆಚ್ಚಿರುತ್ತದೆ.

3. ವರದಿ ಬರುವವರೆಗೆ ಮರಿ, ಗಂಡುಹಂದಿ, ಮಾಂಸ, ಗೊಬ್ಬರ, ಆಹಾರದ ಚೀಲ ಯಾವುದೂ ಶೆಡ್ಡಿನಿಂದ ಹೊರಹೋಗಬಾರದು. ಗರ್ಭಕಟ್ಟಿಸಲು ಗಂಡುಹಂದಿಯನ್ನು ಎರವಲು ಕೊಡುವ ರೂಢಿಯಿದ್ದರೆ ಅದನ್ನೂ ನಿಲ್ಲಿಸಿ.

4. ಮುಂಗಡ ಪಡೆದಿದ್ದರೆ ಕೊಟ್ಟವರಿಗೆ ಕಾರಣ ತಿಳಿಸಿ, ಹಣ ಹಿಂದಿರುಗಿಸಿ ಅಥವಾ ಕಾಲಾವಕಾಶ ಕೇಳಿ. "ಗಾಡಿ ಸಿಗಲಿಲ್ಲ" ಎಂಬಂತಹ ನೆಪ ಹೇಳಬೇಡಿ. ನೆಪ ಕೇಳಿದವರು ಪಕ್ಕದ ಶೆಡ್ಡಿಗೆ ಹೋಗಿ ಕೊಳ್ಳುತ್ತಾರೆ. ಕಾರಣ ಕೇಳಿದವರು ಇಡೀ ಊರಿನಿಂದಲೇ ದೂರವಿರುತ್ತಾರೆ.

5. ಈಗಾಗಲೇ ಮಾರಿದ್ದರೆ ಕಳೆದ 30 ದಿನಗಳಲ್ಲಿ ಕೊಂಡವರೆಲ್ಲರಿಗೂ ಅಂದೇ ಫೋನ್ ಮಾಡಿ. ಇದು ಅತ್ಯಂತ ಕಷ್ಟದ ಕರೆ, ಅತ್ಯಂತ ಬೆಲೆಯುಳ್ಳ ಕರೆಯೂ ಹೌದು. ಆ ಮರಿಗಳನ್ನು ಇತರ ಹಂದಿಗಳೊಂದಿಗೆ ಬೆರೆಸುವ ಮೊದಲು ನಿಮ್ಮ ಮಾತು ತಲುಪಿದರೆ ಒಂದು ಶೆಡ್ಡು ಉಳಿಯಬಹುದು. ಮಾರುವಾಗ ನಿಮಗೇ ತಿಳಿದಿರಲಿಲ್ಲವೆಂದರೆ ಅದು ತಪ್ಪಲ್ಲ. ತಿಳಿದ ಮೇಲೂ ಹೇಳದಿರುವುದು ತಪ್ಪು.

6. ಬದುಕುಳಿದ ಹಂದಿಯನ್ನು "ರೋಗ ಗೆದ್ದ ತಳಿ" ಎಂದು ಮರಿಗಾಗಿ ಇಟ್ಟುಕೊಳ್ಳಬೇಡಿ, ಮಾರಲೂ ಬೇಡಿ. ಅಂತಹ ಹಂದಿಯ ದೇಹದಲ್ಲಿ ವೈರಾಣು ವಾರಗಟ್ಟಲೆ ಉಳಿದಿರಬಹುದು.

7. ಹೊರದೇಶಗಳಲ್ಲಿ ಬಳಕೆಯಲ್ಲಿರುವ ಲಸಿಕೆಯೆಂದು ಹೇಳಿ ಯಾರಾದರೂ ಗುಟ್ಟಾಗಿ ಮಾರಲು ಬಂದರೆ ಕೊಳ್ಳಬೇಡಿ. ವಿಯೆಟ್ನಾಂನಲ್ಲಿ ಇಂತಹ ಲಸಿಕೆಗಳಿಗೆ ಅನುಮತಿಯಿದೆ, ಭಾರತದಲ್ಲಿ ಇಲ್ಲ. ಅವು ಜೀವಂತ ವೈರಾಣುವಿನ ಲಸಿಕೆಗಳಾದ್ದರಿಂದ ಅನಧಿಕೃತ ಬಳಕೆಯೇ ಹೊಸ ಸೋಂಕಿಗೆ ಮೂಲವಾಗಬಹುದು.

ಕೊಳ್ಳುವವರು ಕೇಳಬೇಕಾದ ಪ್ರಶ್ನೆಗಳು

ಮರಿಗಳು ಚೆನ್ನಾಗಿವೆಯೇ ಎಂದು ಕೇಳಿದರೆ ಹೌದು ಎಂಬ ಉತ್ತರವೇ ಬರುತ್ತದೆ. ಉತ್ತರ ತಪ್ಪಿಸಿಕೊಳ್ಳಲಾಗದಂತಹ ಪ್ರಶ್ನೆಗಳನ್ನು ಕೇಳಬೇಕು. ಕಳೆದ 30 ದಿನಗಳಲ್ಲಿ ನಿಮ್ಮ ಶೆಡ್ಡಿನಲ್ಲಿ ಎಷ್ಟು ಹಂದಿಗಳು ಸತ್ತಿವೆ? ಯಾವ ಕಾರಣಕ್ಕೆ ಸತ್ತವೆಂದು ಯಾರು ಪರೀಕ್ಷಿಸಿದರು? ಹೊರಗಿನಿಂದ ಹೊಸ ಹಂದಿ ತಂದಿದ್ದೀರಾ? ಮುಸುರೆ ಹಾಕುತ್ತೀರಾ, ಅದನ್ನು ಕುದಿಸುತ್ತೀರಾ? ಸುತ್ತಲಿನ ಊರುಗಳಲ್ಲಿ ಹಂದಿಗಳು ಸತ್ತ ಸುದ್ದಿಯಿದೆಯೇ? ಉತ್ತರಗಳನ್ನು ಒಂದು ಹಾಳೆಯಲ್ಲಿ ಬರೆದು ಇಬ್ಬರೂ ಸಹಿ ಮಾಡುವುದು ಒಳ್ಳೆಯದು. ಮೇಲೆ ಹೇಳಿದ ಕುದುರೆಯ ಉದಾಹರಣೆಯನ್ನು ನೆನಪಿಡಿ. ಕೇಳದ ಪ್ರಶ್ನೆಗೆ ಮಾರುವವರ ಮೌನ ಕ್ಷಮ್ಯವಾಗಬಹುದು, ಕೇಳಿದ ಪ್ರಶ್ನೆಗೆ ಆಗದು.

ಕೊಳ್ಳುವವರಿಗೂ ಹೊಣೆಯಿದೆ. ರೋಗದ ಸುದ್ದಿ ಕೇಳಿ "ಅರ್ಧ ಬೆಲೆಗೆ ಸಿಗುತ್ತವೆ" ಎಂದು ಗಾಡಿ ಹೊರಡಿಸುವವರು ಗಾಬರಿಯ ಮಾರಾಟದ ಪಾಲುದಾರರೇ. ಯಾವ ಮೂಲದಿಂದ ತಂದ ಮರಿಯನ್ನೇ ಆಗಲಿ 30 ದಿನ ಪ್ರತ್ಯೇಕ ಗೂಡಿನಲ್ಲಿ, ಪ್ರತ್ಯೇಕ ಬಕೆಟ್ ಮತ್ತು ಪಾದರಕ್ಷೆಗಳನ್ನು ಬಳಸಿ ಸಾಕಿ. ಮಾರುವವರು ಪ್ರಾಮಾಣಿಕರಾಗಿದ್ದೂ ಅವರಿಗೇ ತಿಳಿಯದ ಸೋಂಕು ಇರಬಹುದು. ಪ್ರತ್ಯೇಕವಾಗಿಡುವುದು ಅವರ ಮೇಲಿನ ಅಪನಂಬಿಕೆಯಿಂದಲ್ಲ, ರೋಗದ ಸ್ವಭಾವದಿಂದ.

ವಿಸ್ತರಣಾ ಕಾರ್ಯಕರ್ತರ ಗಮನಕ್ಕೆ

ಒಂದು ಊರಿನಲ್ಲಿ ಮೊದಲು ವರದಿ ಮಾಡಿದ ರೈತರನ್ನು ನಾವು ಹೇಗೆ ನಡೆಸಿಕೊಳ್ಳುತ್ತೇವೆ ಎಂಬುದನ್ನು ಇಡೀ ಊರು ನೋಡುತ್ತಿರುತ್ತದೆ. ಅವರ ಮನೆಯ ಮುಂದೆ ಜೀಪು ನಿಲ್ಲಿಸಿ, ಅವರ ಹೆಸರನ್ನು ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ಹರಿಯಬಿಟ್ಟು, ಪರಿಹಾರದ ಅರ್ಜಿಗೆ ಹತ್ತು ಬಾರಿ ಅಲೆಸಿದರೆ ಎರಡನೆಯ ವರದಿ ಬರುವುದಿಲ್ಲ. ಎರಡನೆಯ ರೈತರು ವ್ಯಾಪಾರಿಗೆ ಫೋನ್ ಮಾಡುತ್ತಾರೆ.

ಆದ್ದರಿಂದ ವರದಿ ಮಾಡಿದವರ ಗುರುತನ್ನು ಅನಗತ್ಯವಾಗಿ ಬಹಿರಂಗಪಡಿಸಬೇಡಿ. ಹಂದಿಗಳನ್ನು ಕೊಲ್ಲುವ ಮೊದಲೇ ತೂಕ ಮತ್ತು ಸಂಖ್ಯೆಯ ಪಂಚನಾಮೆಯನ್ನು ರೈತರ ಎದುರಿನಲ್ಲೇ ಬರೆದು ಪ್ರತಿಯನ್ನು ಅವರ ಕೈಗೆ ಕೊಡಿ. ಬ್ಯಾಂಕ್ ಖಾತೆಯ ವಿವರಗಳನ್ನು ಅಂದೇ ಪಡೆಯಿರಿ. ಯಾರಿಗೆ ಮಾರಿದಿರಿ ಎಂದು ಕೇಳುವಾಗ ತನಿಖಾಧಿಕಾರಿಯ ದನಿಯಲ್ಲಿ ಕೇಳಬೇಡಿ. ಆ ಪಟ್ಟಿ ರೋಗವನ್ನು ಹಿಂಬಾಲಿಸಲು ನಮಗಿರುವ ಏಕೈಕ ನಕ್ಷೆ. ರೈತರ ನೆನಪು ಮತ್ತು ಮನಸ್ಸು ಎರಡೂ ತೆರೆದರೆ ಮಾತ್ರ ಅದು ಪೂರ್ಣವಾಗುತ್ತದೆ. ಶೆಡ್ಡಿನಿಂದ ಶೆಡ್ಡಿಗೆ ಓಡಾಡುವ ನಾವೂ ರೋಗವನ್ನು ಹೊತ್ತೊಯ್ಯಬಲ್ಲೆವು. ಒಂದು ದಿನ ಒಂದೇ ಶಂಕಿತ ಶೆಡ್ಡಿಗೆ ಭೇಟಿ ಕೊಡಿ, ಹೊರಡುವ ಮೊದಲು ಪಾದರಕ್ಷೆ ಮತ್ತು ಗಾಡಿಯ ಚಕ್ರಗಳನ್ನು ಸೋಂಕುನಿವಾರಕದಿಂದ ತೊಳೆಯಿರಿ.

ಕೊನೆಯದಾಗಿ

ಶನಿವಾರ ಸಂಜೆಯ ಆ ಫೋನ್ ಕರೆಗೆ ಮರಳೋಣ. "ಚೆನ್ನಾಗಿವೆ, ಬನ್ನಿ" ಎಂದರೆ ಭಾನುವಾರ 12 ಮರಿಗಳ ಹಣ ಸಿಗುತ್ತದೆ. ಮೂರು ವಾರಗಳಲ್ಲಿ ನಿಮ್ಮ ಶೆಡ್ಡೂ ಖಾಲಿ, ಅವರ ಶೆಡ್ಡೂ ಖಾಲಿ. ಮತ್ತೆ ಸಾಕಾಣಿಕೆ ಆರಂಭಿಸುವ ದಿನ ನಿಮ್ಮಿಂದ ಮರಿ ಕೊಳ್ಳುವವರು ಯಾರು ಎಂಬ ಪ್ರಶ್ನೆಯೂ ಉಳಿಯುತ್ತದೆ. ಹಂದಿಮರಿಯ ವ್ಯಾಪಾರ ನಡೆಯುವುದು ಜಾಹೀರಾತಿನಿಂದಲ್ಲ, "ಅವರ ಹತ್ತಿರ ತಂದರೆ ಮೋಸವಿಲ್ಲ" ಎಂದು ಒಬ್ಬರು ಇನ್ನೊಬ್ಬರಿಗೆ ಹೇಳುವ ಮಾತಿನಿಂದ.

"ಎರಡು ಹಂದಿ ಸತ್ತಿವೆ, ಕಾರಣ ಗೊತ್ತಾಗಿಲ್ಲ, ಡಾಕ್ಟರಿಗೆ ತಿಳಿಸಿದ್ದೇನೆ, ಈಗ ಬರಬೇಡಿ" ಎಂದರೆ ಆ ಭಾನುವಾರ ಹಣ ಸಿಗುವುದಿಲ್ಲ. ಪರೀಕ್ಷೆಯಲ್ಲಿ ರೋಗವಿಲ್ಲವೆಂದು ಬಂದರೆ ಆ ರೈತರು ಮುಂದೆಯೂ ನಿಮ್ಮಲ್ಲಿಗೇ ಬರುತ್ತಾರೆ. ರೋಗವಿದೆಯೆಂದು ಬಂದರೆ ನಿಮ್ಮ ಹಂದಿಗಳು ಹೋಗುತ್ತವೆ, ಆ ನಷ್ಟವನ್ನು ಯಾವ ಪರಿಹಾರವೂ ಪೂರ್ತಿ ತುಂಬಿಕೊಡಲಾರದು. ಆದರೆ ಪಕ್ಕದ ತಾಲ್ಲೂಕಿನಲ್ಲಿ ಒಂದು ಶೆಡ್ಡು ಉಳಿದಿರುತ್ತದೆ. ಮುಂದೊಂದು ದಿನ, ಇಲಾಖೆಯ ಅನುಮತಿ ದೊರೆತ ಮೇಲೆ, ನಿಮ್ಮ ಖಾಲಿ ಗೂಡಿಗೆ ಮೊದಲ ಆರೋಗ್ಯವಂತ ಮರಿಗಳು ಅಲ್ಲಿಂದಲೇ ಬರಬಹುದು.

ಹಂದಿಗಳಲ್ಲಿ ಅಸಹಜ ಸಾವು ಅಥವಾ ಜ್ವರ ಕಂಡುಬಂದಲ್ಲಿ ಕೂಡಲೇ ಹತ್ತಿರದ ಪಶು ಆಸ್ಪತ್ರೆಯನ್ನು, ಗ್ರಾಮ ಪಂಚಾಯಿತಿಯನ್ನು ಅಥವಾ 1962 ಸಹಾಯವಾಣಿಯನ್ನು ಸಂಪರ್ಕಿಸಲು ಕೋರಲಾಗಿದೆ.